ಆರಿಸಿಟ್ಟ ಬೀಜ

ಜಿಮ್ಮಾ, ಇಥಿಯೋಪಿಯಾ
12-2-1998

ಬೆಳಗೋಡಿನ ಅತ್ತೆಯವರಿಗೆ ಸೊಸೆ ಸರ್ವಮಂಗಳಾ ಮಾಡುವ ಶರಣು.

ನಾವು ಬಂದು ಸೇರಿದ್ವಿ. ಇಲ್ಲೂ ಕಾಫಿ ತೋಟವೇ, ನಿಮ್ಮ ಮಗ ಇಲ್ಲೂ ತೋಟದ ಲೆಕ್ಕ ಬರೆಯೋ ರೈಟರ್ರೇ. ಪಕ್ಕದ ಮನೆ ಆಲ್ಮಾಜ್ ಅನ್ನೋ ಹೆಂಗಸು ಮೊನ್ನೆ ಕಾಫಿಗೆ ಕರೆದ್ಲು. ಹೋದ್ರೆ ಕಾಫಿ ಇಲ್ಲ, ಒಂದು ತಟ್ಟೆ ಹಸಿ ಬೀಜ ತಂದು ಮುಂದಿಟ್ಲು. ಬೀಜ ನೋಡಿದ ಮೇಲೆ ನನ್ನ ಕೈ ಸುಮ್ನಿರುತ್ತಾ? ಕೂತು ಆರಿಸಿದೆ. ದಪ್ಪ ಬೀಜನೆಲ್ಲ ಮಾರಕ್ಕೆ ಅಂತ ಡಬ್ಬಿಗೆ ಹಾಕಿದೆ. ಒಡಕು ಬೀಜ, ಕರೀ ಬೀಜ ನಮಗೆ ಕುಡಿಯಕ್ಕೆ ಅಂತ ಬಾಣಲೆಗೆ ಹಾಕಿದೆ, ನೀವು ಕಲಿಸಿದ ಹಂಗೇ. ಅವಳು ಬಾಣಲೇಲಿದ್ದಿದ್ದನ್ನ ಅಂಗಳಕ್ಕೆ ಚೆಲ್ಲಿ, ಡಬ್ಬೀದೇ ತೆಗೆದು ನನ್ನ ಮುಂದೇ ಹುರಿದು, ಕುಟ್ಟಿ, ಕುದಿಸಿ ಕೊಟ್ಲು. ಮನೆಗೆ ಬಂದೋರಿಗೆ ಇಲ್ಲಿ ಹಂಗೇ ಅಂತೆ. ಮೂರು ಬಟ್ಟಲು ಕುಡಿಯೋ ತನಕ ಏಳಂಗಿಲ್ಲ. ಹಾಲಿಲ್ಲ, ಬೆಲ್ಲ ಇಲ್ಲ, ಚಿಕೋರಿ ಇಲ್ಲ. ತೋಟದಲ್ಲೇ ಹುಟ್ಟಿ ಬೆಳೆದೋಳಿಗೆ ಮೂವತ್ತೊಂದನೇ ವಯಸ್ಸಲ್ಲಿ ಕಾಫಿ ರುಚಿ ಗೊತ್ತಾಯ್ತು.

ನಿಮ್ಮ ಮಗನ ಕೆಮ್ಮು ವಾಸಿಯಾಗೈತೆ. ಪುಟ್ಟಿ ಇಲ್ಲಿನ ಹುಳಿ ದೋಸೆ ತಿಂತಾಳೆ, ಚಟ್ನಿ ಎಲ್ಲಿ ಅಂತ ದಿನಾ ಕೇಳ್ತಾಳೆ. ನಿಮ್ಮ ಮಂಡಿಗೆ ಎಣ್ಣೆ ಹಚ್ಚೋದು ಬಿಡಬೇಡಿ.

ಕಾರ್ಡಲ್ಲಿ ಜಾಗ ಮುಗೀತಾ ಬಂತು. ಯುಗಾದಿ ಆದ್ಮೇಲೆ ನಮ್ಮಪ್ಪ ನನ್ನ ಸುದ್ದಿ ಕೇಳಕ್ಕೆ ಮಗ್ಗೆಯಿಂದ ಅಲ್ಲಿಗೆ ಬರ್ತಾರೆ. ಮದುವೆಯಾಗಿ ಒಂಬತ್ತು ವರ್ಷ ಅವರು ನಮ್ಮನೇಲಿ ಕರೀ ಬೀಜದ ಕಾಫೀನೇ ಕುಡಿದು, ಚೆನ್ನಾಗೈತೆ ಅಂದು ಹೋಗವ್ರೆ. ಈ ಸಲ ಮಾರಕ್ಕಿಟ್ಟ ಬೀಜದ ಡಬ್ಬಿ ತೆಗೀರಿ. ಮೂರು ಲೋಟ ಬೇಡ, ಒಂದೇ ಸಾಕು.

ಸರ್ವಮಂಗಳಾ