ಬಾಯಿ ತೆರೆದು ಮಲಗಿರುವ ನನ್ನ ಫೋಟೋ ಅಳಿಸುವ ಕುರಿತು

ಪುಕ್ಕಟೆ ಬ್ಲಾಗುಗಳ ಮಾನ್ಯ ಮುಖ್ಯಾಧಿಕಾರಿಗಳೇ,

ಬ್ಲಾಗು ನನ್ನದು, ಲೇಖನ ನನ್ನದು, ಲೇಖನದ ಕೆಳಗಿನ ಫೋಟೋದಲ್ಲಿರುವ ಮುಖವೂ ನನ್ನದೇ. ಆದರೆ ಆ ಫೋಟೋ ಅಳಿಸುವ ಹಕ್ಕು ಮಾತ್ರ ನನಗಿಲ್ಲ! ಹಣ ಕಟ್ಟಿ ‘ಚಿನ್ನದ ಸದಸ್ಯ’ನಾದರಷ್ಟೇ ಬೇಡದ ಪ್ರತಿಕ್ರಿಯೆಗಳನ್ನು ತೆಗೆಯಬಹುದಂತೆ. ಇದು ಯಾವ ಊರಿನ ನ್ಯಾಯ ಸ್ವಾಮೀ? ಹೀಗೇ ಬಿಟ್ಟರೆ ನನ್ನ ಕಸುಬಿಗೇ ಸಂಚಕಾರ.

ನಾನು ಹತ್ತಿ ಹಾಸಿಗೆ ಹೊಲಿಯುವವನು. ಓದಿದ್ದು ಹಳ್ಳಿ ಶಾಲೆಯಲ್ಲಿ. ಆದರೂ ಬರವಣಿಗೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ಬರೆಯುವವರೇ ಇನ್ನೊಬ್ಬರಿಲ್ಲ ಎಂಬುದು ಬೇರೆ ಮಾತು. “ಪುಕ್ಕಟೆ ಸಿಗುತ್ತೆ ಮಾವ, ನೀನೂ ಒಂದು ಬ್ಲಾಗ್ ಮಾಡು” ಎಂದು ಅಕ್ಕನ ಮಗಳು ಹುರಿದುಂಬಿಸಿದಳು. ಪುಕ್ಕಟೆ ಎಂದ ಮೇಲೆ ಬಿಡಲಾದೀತೇ? ‘ಫೋಮ್ ಹಾಸಿಗೆ: ಬೆನ್ನಿನ ಮಹಾಶತ್ರು’ ಎಂಬ ಲೇಖನ ಬರೆದೆ. ಓದಿದವನ ಬೆನ್ನು ಕುಳಿತಲ್ಲೇ ನೆಟ್ಟಗಾಗಬೇಕು, ಅಂಥ ಬರಹ! ತಾವೇನು ಮಾಡಿದಿರಿ? ಅದರ ನಟ್ಟನಡುವೆ ಫೋಮ್ ಹಾಸಿಗೆಯ ಜಾಹೀರಾತು ಸೇರಿಸಿದಿರಿ. ಮೇಲೆ ನಾನು ‘ಮುಟ್ಟಬೇಡಿ’ ಎನ್ನುತ್ತೇನೆ, ಕೆಳಗೆ ನೀವು ‘ಇಲ್ಲಿ ಒತ್ತಿ’ ಎನ್ನುತ್ತೀರಿ. ಒತ್ತಿ ಆ ಹಾಸಿಗೆ ತರಿಸಿಕೊಂಡವರು ಯಾರು ಗೊತ್ತೇ? ನನ್ನ ಒಡಹುಟ್ಟಿದ ಅಕ್ಕ!

ಸುದ್ದಿ ಕೇಳಿ ಓಡಿದೆ. “ನನ್ನ ಲೇಖನ ಓದ್ಲಿಲ್ವೇನೇ ಅಕ್ಕ?”

“ಓದ್ತಾನೇ ಇದ್ದೆ ಕಣೋ, ಮಧ್ಯದಲ್ಲಿ ಇದು ಸಿಕ್ತು. ಅವರು ಎರಡೇ ಸಾಲಲ್ಲಿ ಹೇಳಿದ್ರು. ನಿಂದು ಮುಗಿಯೋ ಹಾಗೇ ಕಾಣ್ಲಿಲ್ಲ.”

ಆ ಹಾಸಿಗೆಯ ದೋಷಗಳನ್ನು ತೋರಿಸಿಕೊಡಲೆಂದೇ ಅದರ ಮೇಲೆ ಮಲಗಿದೆ. “ನೋಡು, ಸೊಂಟದ ಹತ್ರ ಹೇಗೆ ಕುಸಿಯುತ್ತೆ” ಎಂದದ್ದು ನೆನಪಿದೆ. ಆಮೇಲೆ ನೆನಪಿರುವುದು ಸಂಜೆಯ ದೀಪ. ಕೂಲಂಕಷ ಪರೀಕ್ಷೆಗೆ ಸಮಯ ಹಿಡಿಯುತ್ತದೆ, ಅದರಲ್ಲಿ ತಪ್ಪೇನಿದೆ? ಅಷ್ಟರಲ್ಲಿ ಅಕ್ಕ ಫೋಟೋ ತೆಗೆದು, ನನ್ನ ಲೇಖನದ ಕೆಳಗೇ ಪ್ರತಿಕ್ರಿಯೆಯಾಗಿ ಅಂಟಿಸಿ, ‘ಲೇಖಕರು ಶತ್ರುವಿನ ಮಡಿಲಲ್ಲಿ’ ಎಂದು ಬರೆದುಬಿಟ್ಟಿದ್ದಳು. ಅಳಿಸೇ ಎಂದು ಅಂಗಲಾಚಿದರೆ, “ಮೇಲೆ ನಿನ್ನ ಮಾತಿರಲಿ, ಕೆಳಗೆ ನಿನ್ನ ಗೊರಕೆ ಇರಲಿ. ಜನ ಎರಡನ್ನೂ ನೋಡಲಿ ಬಿಡೋ” ಎನ್ನುತ್ತಾಳೆ.

ಕೈಯಲ್ಲಿ ಕಾಸಿಲ್ಲದವನು ತಲೆ ಓಡಿಸಬೇಕಷ್ಟೆ. ‘ಹತ್ತಿಪ್ರೇಮಿ’, ‘ಬೆನ್ನುನೋವಿನಿಂದ ಪಾರಾದವನು’ ಎಂದೆಲ್ಲ ನಾನಾ ಹೆಸರಿನಲ್ಲಿ ನನ್ನನ್ನು ನಾನೇ ಹೊಗಳಿಕೊಂಡು, ಆ ಹೊಗಳಿಕೆಯಡಿ ಫೋಟೋ ಹೂತುಹಾಕಲು ನೋಡಿದೆ. ಆದರೆ ಹೆಚ್ಚು ಲೈಕ್ ಬಿದ್ದದ್ದನ್ನು ನಿಮ್ಮ ಯಂತ್ರ ಮೇಲಕ್ಕೆತ್ತುತ್ತದಂತೆ! ಹತ್ತಿಪ್ರೇಮಿಗಳೆಲ್ಲ ತಳ ಸೇರಿದರು. ತುತ್ತತುದಿಯಲ್ಲಿ ನಾನು, ಬಾಯಿ ತೆರೆದುಕೊಂಡು. ನಿಮ್ಮ ಸಹಾಯ ವಿಭಾಗಕ್ಕೆ ದೂರು ಬರೆದರೆ ಬಂದ ಉತ್ತರ: ‘ಅಭಿನಂದನೆಗಳು! ನಿಮ್ಮ ಲೇಖನ ಜನಪ್ರಿಯವಾಗುತ್ತಿದೆ.’

ನಿನ್ನೆ ವಸತಿಗೃಹದ ಯಜಮಾನರೊಬ್ಬರು ಅಂಗಡಿಗೆ ಬಂದಿದ್ದರು. ಎಲ್ಲ ಕೋಣೆಗಳಿಗೂ ಹೊಸ ಹಾಸಿಗೆ ಬೇಕಂತೆ. ಇಂಥ ಗಿರಾಕಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದೇ ಮೊದಲು. ಅವರು ಫೋನಿನಲ್ಲಿದ್ದ ಅದೇ ಫೋಟೋವನ್ನು ನನ್ನ ಮುಖಕ್ಕೆ ಹಿಡಿದು, “ಇಷ್ಟು ಚೆನ್ನಾಗಿ ನಿದ್ದೆ ಬರುತ್ತಲ್ಲ, ಇದು ಯಾವ ಹಾಸಿಗೆ?” ಎಂದರು. ನನಗೆ ಕೆಮ್ಮು ಬಂತು. ಸೋಮವಾರ ಮತ್ತೆ ಬರುತ್ತೇನೆಂದು ಹೋಗಿದ್ದಾರೆ.

ಆದಕಾರಣ ಸೋಮವಾರದೊಳಗೆ ಆ ಫೋಟೋ ಅಳಿಸಿಹಾಕಬೇಕು. ಪುಕ್ಕಟೆ ಸದಸ್ಯನಿಗೆ ಅಷ್ಟೂ ಆಗದೆಂದರೆ ಕೆಳಗಿನ ಫೋಮ್ ಹಾಸಿಗೆಯನ್ನಷ್ಟೇ ಕತ್ತರಿಸಿ, ನನ್ನನ್ನು ಹಾಗೇ ಮಲಗಲು ಬಿಡಿ. ಅಡಿಯಲ್ಲಿದ್ದದ್ದು ಯಾರ ಹಾಸಿಗೆ ಎಂಬುದನ್ನು ಯಜಮಾನರಿಗೆ ನಾನು ಹೇಳಿಕೊಳ್ಳುತ್ತೇನೆ.

ಇಂತಿ,
ಪೂರ್ತಿ ಎಚ್ಚರದಲ್ಲಿದ್ದೇ ಸಹಿ ಹಾಕಿರುವ,
ಹಾಸಿಗೆ ಮಾವ