ಕೇಳಿಸಿಕೊಳ್ಳುವ ವಕೀಲೆಯನ್ನು ನಮ್ಮೂರಿಗೇ ಕಳಿಸಬೇಕಿತ್ತೇ?

ಹೊಸ ವಕೀಲರ ತರಬೇತಿಯ ಮುಖ್ಯಸ್ಥರೇ,

ನೀವು ನನ್ನ ಹೆಸರಿನ ಮೇಲೆ ಕಲ್ಲು ಹಾಕಿದ್ದೀರಿ.

ಮೊದಲೆಲ್ಲ ಎಷ್ಟು ಒಳ್ಳೆಯ ವಕೀಲರನ್ನು ತಯಾರಿಸುತ್ತಿದ್ದಿರಿ! ನಮ್ಮ ಪಟ್ಟಣ ಕಚೇರಿಯ ಉಚಿತ ಸಲಹೆ ಕೊಡಲು ಬಂದಿದ್ದ ಹಿಂದಿನ ವಕೀಲ ಕಾನೂನಿನ ಕಲಮು ಹೇಳುತ್ತಾ ಹೋದರೆ ಕೇಳುವವರು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು, ಎದ್ದವರು ನೇರವಾಗಿ ನನ್ನ ಮೇಜಿಗೆ ಬರುತ್ತಿದ್ದರು. ಅದೇ ಕಚೇರಿಯ ರಾಜಿ ಸಮಿತಿಯಲ್ಲಿ ನಾನಿದ್ದೇನೆ. ಓದಿದ್ದು ಹಳ್ಳಿ ಶಾಲೆ, ಅದೂ ಅರ್ಧ. ಆದರೆ ಅಣ್ಣತಮ್ಮಂದಿರ ಗಡಿ ತಕರಾರಿರಲಿ, ಸ್ಕೂಟರ್ ಡಿಕ್ಕಿಯಿರಲಿ, ನಾನು ಒಮ್ಮೆ ಕೆಮ್ಮಿದರೆ ಅರ್ಧ ಬಗೆಹರಿಯುತ್ತಿತ್ತು. ಈಗ ಶು ಪೇಯ್-ಚೆನ್ ಎಂಬ ಹುಡುಗಿಯನ್ನು ಕಳಿಸಿದ್ದೀರಿ. ನಾನು ಮಾಡಿದ ಯಾವ ಪಾಪಕ್ಕೆ?

ಖೇ ಅಜ್ಜಿಯ ಬೆಳ್ಳುಳ್ಳಿ ಹೊಲಕ್ಕೆ ಲಿಯಾವನ ಬಾತುಕೋಳಿಗಳು ನುಗ್ಗಿ ಸಸಿಗಳನ್ನು ತುಳಿದು ಹಾಕಿದವು. ಇಬ್ಬರನ್ನೂ ಕೂರಿಸಿದೆ. ನನ್ನ ಪದ್ಧತಿಯಂತೆ ಮೊದಲು ಬೈದೆ, ಆಮೇಲೆ ನಾನು ಹಿಂದೆ ಬಗೆಹರಿಸಿದ ಜಗಳಗಳ ಕಥೆ ಹೇಳಿದೆ. ಲಿಯಾವ್ ಪರಿಹಾರಕ್ಕೆ ಒಪ್ಪಿದ. ಅಜ್ಜಿ ಮಾತ್ರ "ಬೇಡ, ಕೋರ್ಟಿಗೇ ಹೋಗ್ತೀನಿ" ಎಂದಳು. ಆಗ ನಿಮ್ಮ ಶಿಷ್ಯೆ ಏನು ಮಾಡಿದಳು ಗೊತ್ತೇ? ಅಜ್ಜಿಯ ಹಿಂದೆಯೇ ಹೋಗಿ, ಬೂಟು ಕಳಚಿ ಹೊಲಕ್ಕಿಳಿದಳು. "ಅಜ್ಜಿ, ಎಲ್ಲಕ್ಕಿಂತ ನೋವಾಗಿದ್ದು ಯಾವ್ದು?" ಎಂದು ಕೇಳಿ ಸುಮ್ಮನೆ ನಿಂತಳು. ಸುಮ್ಮನೆ, ಮಾನ್ಯರೇ! ಅಷ್ಟು ಹೊತ್ತಿನಲ್ಲಿ ನಾನು ಮೂರು ಗಾದೆ ಹೇಳಿ ಮುಗಿಸುತ್ತಿದ್ದೆ.

"ಬಾತು ತುಳೀತು, ತುಳೀಲಿ. ಅವಕ್ಕೇನು ಬುದ್ಧಿ? ಈ ಗಂಡಸು ಬದುವಿನ ಮೇಲೆ ನಿಂತ್ಕೊಂಡು ನಕ್ಕ ಕಣೇ" ಎಂದಳು ಅಜ್ಜಿ.

ಮರುದಿನ ಹುಡುಗಿ ಹೇಳಿಕೊಟ್ಟಂತೆ ಲಿಯಾವ್ ಹಂದಿಕಾಲಿನ ಬಿಸಿ ಶಾವಿಗೆ ತಂದು ಎರಡೂ ಕೈಯಲ್ಲಿ ಅಜ್ಜಿಯ ಮುಂದಿಟ್ಟ. ತಪ್ಪಾಯಿತು ಎನ್ನಲು, ಕೆಟ್ಟ ಗಳಿಗೆ ಕಳೆಯಲು ನಮ್ಮಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಅಜ್ಜಿ ತಿಂದಳು, ರಾಜಿ ಪತ್ರಕ್ಕೆ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿದಳು.

ಆ ಶಾವಿಗೆ ನನ್ನ ಅಸ್ತ್ರ, ಮಾನ್ಯರೇ! ಈ ಸಲ ಮಾತಿನ ಭರದಲ್ಲಿ ಅದು ನೆನಪಾಗಲಿಲ್ಲ, ಅಷ್ಟೇ. "ಯಾರೇ ಹೇಳ್ಕೊಟ್ಟಿದ್ದು ನಿಂಗೆ?" ಎಂದು ಹುಡುಗಿಯನ್ನು ಕೇಳಿದೆ.

"ಊರಿನ ಪದ್ಧತಿ ಊರವರನ್ನೇ ಕೇಳಿ ಅಂತ ತರಬೇತೀಲಿ ಹೇಳಿದ್ರು ಮಾವ. ಅತ್ತೇನ ಕೇಳ್ದೆ."

ಅವಳ ಬಾಯಲ್ಲಿ ಅತ್ತೆ ಎಂದರೆ ನನ್ನ ಹೆಂಡತಿ. ಬೇಯಿಸಿಕೊಟ್ಟವಳೂ ಅವಳೇ.

"ನನ್ನನ್ನ ಬಿಟ್ಟು ಅವಳನ್ಯಾಕೆ ಕೇಳ್ದೆ?"

ಪಾತ್ರೆ ಒಯ್ಯಲು ಬಂದಿದ್ದ ಹೆಂಡತಿಯೇ ಉತ್ತರ ಕೊಟ್ಟಳು: "ನಿಮ್ಮನ್ನ ಕೇಳಿದ್ರೆ ಶಾವಿಗೆ ವಿಷ್ಯಕ್ಕೆ ಬರೋ ಹೊತ್ಗೆ ಬೆಳ್ಳುಳ್ಳಿ ಕೀಳೋ ಕಾಲ ಬರ್ತಿತ್ತು."

ಈಗ ಜನ ಬಾಗಿಲಲ್ಲೇ "ಲಾಯರಮ್ಮ ಇದಾರಾ?" ಎನ್ನುತ್ತಾರೆ. ಇಲ್ಲವೆಂದರೆ ನನಗೊಂದು ನಮಸ್ಕಾರ ಹಾಕಿ ಹೊರಟೇಹೋಗುತ್ತಾರೆ. ಸಮಿತಿಯ ಅವಧಿ ಮುಗಿಯುತ್ತಿದೆ. ಮತ್ತೆ ನನ್ನನ್ನು ಆರಿಸುವ ಮಾತನ್ನು ಯಾರೂ ಎತ್ತುತ್ತಿಲ್ಲ. ಆ ಹುಡುಗಿಗೆ ಒಂದಿಷ್ಟು ಜಂಬವಾದರೂ ಇದ್ದಿದ್ದರೆ ಬೈದುಕೊಂಡು ಸಮಾಧಾನಪಡುತ್ತಿದ್ದೆ. ಆ ಉಪಕಾರವನ್ನೂ ನೀವು ಮಾಡಲಿಲ್ಲ.

ಆದ್ದರಿಂದ ಒತ್ತಾಯಿಸುತ್ತೇನೆ: ಸುಮ್ಮನಿದ್ದು ಕೇಳಿಸಿಕೊಳ್ಳುವ ಆ ಪಾಠಕ್ಕೆ ನನ್ನನ್ನೂ ಸೇರಿಸಿಕೊಳ್ಳಿ. ಪದವಿ ಇಲ್ಲವೆಂಬ ನೆಪ ಬೇಡ. ಬಾಯಿ ಮುಚ್ಚಲು ಯಾವ ಪದವಿ ಬೇಕು? ಒಂದೇ ವಿನಂತಿ. ನನಗಿಂತ ಹೆಚ್ಚು ಮಾತಾಡುವವನೊಬ್ಬನನ್ನು ಹುಡುಕಿ, ಅವನ ಪಕ್ಕದಲ್ಲೇ ನನ್ನನ್ನು ಕೂರಿಸಿ. ಒಬ್ಬನಿಗಿಂತಲಾದರೂ ನಾನು ಬೇಗ ಕಲಿತೆ ಅನ್ನಿಸಿಕೊಳ್ಳಬೇಕು.

ಇಂತಿ,
ಸದ್ಯಕ್ಕೆ ಇನ್ನೂ ರಾಜಿ ಸಮಿತಿಯ ಸದಸ್ಯನಾಗಿರುವ
ಚುವಾಂಗ್ ತಿಯೆನ್-ಫಾ