ಹೊಸ್ತಿನ ಈಡು

ಮರವಂತೆ
೧೬-೯-೧೯೪೬, ಸೋಮವಾರ

ಚಿರಂಜೀವಿ ಚಂದ್ರನಿಗೆ ಮರವಂತೆಯ ಮುದಿ ಮಂಗ ಕುಷ್ಟ ಮಾವ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ.

ಇಲ್ಲಿ ನಾನು, ಮಗಳು ಗುಣವತಿ, ಅವಳ ಎರಡು ಎಮ್ಮೆ ಎಲ್ಲರೂ ಸೌಖ್ಯ. ಸಮುದ್ರಕ್ಕೆ ಮಾತ್ರ ಹೊಟ್ಟೆ ಸರಿಯಿಲ್ಲ. ಈ ಮಳೆಗಾಲದಲ್ಲಿ ನಮ್ಮ ಎರಡು ತೆಂಗಿನ ಮರ ನುಂಗಿತು, ಇನ್ನೂ ತೇಗಲಿಲ್ಲ. ನಿನ್ನ ಅಮ್ಮ ಬೆಳ್ಳಕ್ಕನ ಮೊಣಕಾಲು ಈಗ ಹೇಗಿದೆ? ಗುಣವತಿ ಕಾಯಿಸಿದ ಎಣ್ಣೆ ಒಂದು ಕುಪ್ಪಿ ಕಳಿಸಿದ್ದೇನೆ. ಉಜ್ಜಿಕೊಳ್ಳಲಿ, ಒಗ್ಗರಣೆಗೆ ಹಾಕದಿರಲಿ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ಯಾಕೆ ಬರೆದಿಲ್ಲ ಎಂದು ಗುಣವತಿ ದಿನಾ ಕೇಳುತ್ತಿದ್ದಳು. ಕನ್ನಡಕ ಒಡೆದಿದೆ ಎಂದೆ. "ಅಪ್ಪಯ್ಯ, ಹಂಗಾರೆ ಮೂಗಿನ್ ಮೇಲ್ ಕೂತದ್ದ್ ಎಂತ?" ಎಂದು ಕೇಳಿದಳು. ಎಪ್ಪತ್ತು ವರ್ಷ ಊರಿಗೆಲ್ಲ ಸುಳ್ಳು ಹೇಳಿ ನಗಿಸಿದವನಿಗೆ ಈಗ ಮಗಳ ಮುಂದೆ ಒಂದು ಸಣ್ಣ ಸುಳ್ಳೂ ನಿಲ್ಲುತ್ತಿಲ್ಲ. ತಡವಾದದ್ದಕ್ಕೆ ಕ್ಷಮಿಸು ಮಗಾ. ತಪ್ಪು ಕನ್ನಡಕದ್ದಲ್ಲ.

ಕೋವಿಯ ಲೈಸನ್ಸು ನಿನ್ನ ಹೆಸರಿಗೆ ಆಯಿತು, ಬೈಂದೂರಿನಲ್ಲಿ ಒಂಟಿ ನಳಿಗೆಯ ತೋಟೆ ಕೋವಿ ಸಿಕ್ಕಿತು ಎಂದು ಬರೆದಿದ್ದೀ. ಸಂತೋಷ. ನಮ್ಮೂರು ಯಡ್ತರೆಯ ಹಂದಿಗಳಿಗೆ ನಿನ್ನ ಅಪ್ಪ ಸೂರ ಹೋದ ಮೇಲೆ ಹೇಳುವವರು ಕೇಳುವವರು ಇರಲಿಲ್ಲ. ತುಂಬಿದ ತೋಟೆ ಮಂಗಳೂರಿನಲ್ಲೂ ಸಿಗುವುದಿಲ್ಲ, ನೀನೇ ತುಂಬಿಸಲು ಕಲಿಯಬೇಕು, ಅಪ್ಪನ ಪೆಟ್ಟಿಗೆಯಲ್ಲಿ ಮದ್ದು ಅಳೆಯುವ ಬಿದಿರಿನ ಅಳತೆಯೂ ಸಾಮಾನೂ ಇದೆ, ಹೇಗೆಂದು ಬರೆದು ತಿಳಿಸಿ ಎಂದು ಕೇಳಿದ್ದೀ. ಕೇಳಿದ್ದು ಸರಿಯಾದವನನ್ನೇ. ಸ್ವಂತ ತೋಟ ಒಂದು ಬಾಳೆಯಷ್ಟೂ ಇಲ್ಲ, ತುಂಬಿಸಿದ ತೋಟೆ ಮಾತ್ರ ಸಾವಿರ. ಈಗ ಕೋವಿಯ ಮದ್ದಿನ ಮಸಿಯ ವಿಷಯವನ್ನು ದೌತಿಯ ಮಸಿಯಲ್ಲಿ ಬರೆಯಲು ಕೂತಿದ್ದೇನೆ. ಈ ಮಸಿ ಸಿಡಿಯುವುದಿಲ್ಲ ಎಂದು ಇಷ್ಟು ದಿನ ನಂಬಿದ್ದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಪೆಟ್ಟಿಗೆಯ ಅಡಿಯಲ್ಲಿ ಬಟ್ಟೆ ಸುತ್ತಿದ ಒಂದು ಕೆಂಪು ತೋಟೆ ಸಿಕ್ಕಿತು, ಬಾಯಿಯ ಮೇಣದ ಮೇಲೆ ಅಪ್ಪಯ್ಯನ ಹೆಬ್ಬೆರಳು ಒತ್ತಿದ ಗುರುತಿದೆ, ಈ ಸಲ ಹೊಸ ಕದಿರು ತರುವ ಹೊಸ್ತಿನ ದಿನ ಅಂಗಳದಲ್ಲಿ ಅದನ್ನೇ ಹೊಡೆಯುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆಯಬೇಡ. ಕೋವಿಗೆ ಹಾಕಿಯೂ ನೋಡಬೇಡ. ಐದು ವರ್ಷದ ಹಳೆಯ ತೋಟೆ, ಮಳೆಗಾಲದ ತಂಡಿ ಹಿಡಿದಿರುತ್ತದೆ. ಹೊಸ್ತಿಗೆ ಹೊಸ ತೋಟೆಯೇ ಚೆಂದ.

ಇನ್ನು ತುಂಬಿಸುವ ಪಾಠ. ತೋಟೆಯೊಳಗೆ ಇರುವುದು ನಾಲ್ಕೇ ಸಾಮಾನು. ತಳದಲ್ಲಿ ಕಿಡಿ ಕೊಡುವ ಕೇಪು, ಅದರ ಮೇಲೆ ಮಸಿ, ಮಸಿಯ ಮೇಲೆ ರಟ್ಟಿನ ಬಿಲ್ಲೆ, ಬಿಲ್ಲೆಯ ಮೇಲೆ ಸೀಸದ ಚೆರೆ ಗುಂಡು. ನೋಡಲು ಬುತ್ತಿ ಕಟ್ಟಿದಷ್ಟೇ ಸುಲಭ. ಆದರೆ ಬುತ್ತಿಯಲ್ಲಿ ಉಪ್ಪು ಹೆಚ್ಚಾದರೆ ಮುಖ ಸಿಂಡರಿಸಬಹುದು, ಇಲ್ಲಿ ಹೆಚ್ಚಾದರೆ ಸಿಂಡರಿಸಲು ಮುಖ ಉಳಿಯುವುದಿಲ್ಲ.

ಹಗಲಿನಲ್ಲೇ ಕೂರು, ಜಗಲಿಯಲ್ಲಿ, ಒಲೆಗೂ ದೇವರ ದೀಪಕ್ಕೂ ದೂರ. ಬೀಡಿ ಸೇದುವವರು ಬಂದರೆ ಅವರನ್ನು ಗದ್ದೆ ತೋರಿಸಲು ಕಳಿಸು. ಖಾಲಿ ತೋಟೆಯ ಹಿತ್ತಾಳೆಯ ತಳವನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡು, ಕೂದಲೆಳೆಯಷ್ಟು ಬಿರುಕಿದ್ದರೂ ಮಕ್ಕಳಿಗೆ ಪೀಪಿ ಮಾಡಲು ಕೊಡು. ಕೇಪನ್ನು ಮೆಲ್ಲಗೆ ಒತ್ತಿ ಕೂರಿಸಬೇಕು, ಬಡಿಯಬಾರದು. ಬಡಿಯುವ ಚಟವಿದ್ದರೆ ಚೆಂಡೆ ಕಲಿ.

ಮಸಿಯ ಡಬ್ಬಿ ಒಂದು ಹೊತ್ತಿಗೆ ಒಂದೇ ಇರಲಿ. ಹೆಸರಿಲ್ಲದ ಡಬ್ಬಿ, ಯಾರೋ ಪುಕ್ಕಟೆ ಕೊಟ್ಟ ಡಬ್ಬಿ, ಎರಡು ಡಬ್ಬಿಯ ತಳ ಸೇರಿಸಿದ ಡಬ್ಬಿ, ಇವು ಮೂರೂ ಬೇಡ. ಮಂಗಳೂರಿನ ಕೋವಿ ಅಂಗಡಿಯಲ್ಲಿ ನಿನ್ನ ಕೋವಿ ತೋರಿಸಿ, ಯಾವ ಮಸಿ, ಎಷ್ಟು ತೂಕ ಎಂದು ಅವರ ಕೈಯಲ್ಲೇ ಬರೆಸಿಕೊಂಡು ಬಾ. ನಾನು ಲೆಕ್ಕ ಹೇಳುವುದಿಲ್ಲ, ನೀನು ಕೇಳಲೂ ಬೇಡ. ತೂಕ ಎಂದೆ, ಗಮನವಿಡು. ಕುಂದಾಪುರದಲ್ಲಿ ಅಕ್ಕಸಾಲಿಗಳ ಹತ್ತಿರ ಹಳೆಯ ಚಿನ್ನದ ತಕ್ಕಡಿ ಸಿಗುತ್ತದೆ, ಒಂದು ತಗೊ. ಆ ಬಿದಿರಿನ ಅಳತೆಯನ್ನು ಇವತ್ತೇ ಒಲೆಗೆ ಹಾಕು. ನಾನೇ ಕೆತ್ತಿ ನಿನ್ನ ಅಪ್ಪನಿಗೆ ಕೊಟ್ಟದ್ದು ಅದು. ಸುಡುವಾಗ ಮರುಗಬೇಡ.

ಕೊನೆಯದಾಗಿ, ತುಂಬಿಸುವಾಗ ಮಾತು ಬೇಡ, ನಗೆ ಬೇಡ, ಕುಶಾಲು ಬೇಡವೇ ಬೇಡ. ಇದನ್ನು ಯಾರು ಹೇಳುತ್ತಿದ್ದಾರೆ ನೋಡು ಎಂದು ನೀನು ನಗುತ್ತಿರಬಹುದು. ನಿನಗೆ ನೆನಪಿದೆಯೋ ಇಲ್ಲವೋ, ನೀನಾಗ ಬೊಂಬಾಯಿಗೆ ಹೋಗಿ ಪಲ್ಟನ್ ಸೇರಿರಲಿಲ್ಲ. ಒಂದು ಸಲ ಸೂರನ ತೋಟೆಗೆ ಚೆರೆಯ ಬದಲು ಅವಲಕ್ಕಿ ತುಂಬಿಸಿದ್ದೆ. ಕೋಳಿ ಕದಿಯಲು ಬಂದ ನರಿಗೆ ಅವನು ಗುರಿಯಿಟ್ಟು ಹೊಡೆದ. ನರಿ ನಿಂತು ತಿರುಗಿ ನೋಡಿ ಹೋಯಿತು. ಊರ ಕೋಳಿಯೆಲ್ಲ ಓಡಿ ಬಂದು ಅವಲಕ್ಕಿ ಹೆಕ್ಕಿತು.

"ಹ್ವಾಯ್ ಸೂರ, ಹೊಡ್ದದ್ದ್ ನರಿಗಾ, ಕೋಳಿಗೆ ಮದಿ ಮನಿ ಊಟ ಹಾಕುಕಾ?" ಎಂದು ನಾನು ಹಟ್ಟಿಯ ಹಿಂದಿನಿಂದ ಕೂಗಿದೆ.

"ನಿಲ್ ಮಾರಾಯ, ನಿನ್ ಮದಿ ಈಗ ಮಾಡ್ತೆ!" ಎಂದು ಅವನು ಕೋವಿ ಕೆಳಗಿಟ್ಟು ದೊಣ್ಣೆ ಹಿಡಿದು ನನ್ನನ್ನು ಹೊಳೆಯವರೆಗೆ ಅಟ್ಟಿಸಿಕೊಂಡು ಬಂದ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ನನ್ನ ಚಾಪೆಗೆ ಹಲಸಿನ ಮೇಣ ಹಚ್ಚಿದ. ಅಲ್ಲಿಗೆ ಸರಿಯಾಯಿತು. ನಮ್ಮ ಗೆಳೆತನದಲ್ಲಿ ಎಲ್ಲವೂ ಹಾಗೇ ಸರಿಯಾಗುತ್ತಿತ್ತು.

ನಿನ್ನ ಮನೆಯ ಹೊಸ್ತಿನ ಈಡು ನನಗೆ ಈಗಲೂ ಕಿವಿಯಲ್ಲಿದೆ. ಬೇರೆಯವರು ಹೊಸ ಕದಿರು ತಂದು ಕಂಬಕ್ಕೆ, ಬಾಗಿಲಿಗೆ ಕಟ್ಟಿ ಹೊಸ ಅಕ್ಕಿ ಉಂಡು ಮಲಗುತ್ತಾರೆ. ನಿಮ್ಮಲ್ಲಿ ಮಾತ್ರ ಕದಿರು ಅಂಗಳಕ್ಕೆ ಬಂದ ಕೂಡಲೇ ಯಜಮಾನ ಗುಡ್ಡದ ಕಡೆಗೆ ಮುಖ ಮಾಡಿ ಆಕಾಶಕ್ಕೆ ಒಂದು ಈಡು ಹೊಡೆಯಬೇಕು. ಉಳಿದ ಬೆಳೆ ನಮ್ಮದು ಎಂದು ಹಂದಿಗಳಿಗೆ ಕೊಡುವ ನೋಟೀಸು ಅದು. ನಿನ್ನ ಅಜ್ಜ ಹಾಕಿದ ಪದ್ಧತಿ. ಐದು ವರ್ಷದಿಂದ ನಿಂತದ್ದನ್ನು ನೀನು ಮತ್ತೆ ಎತ್ತಿ ಹಿಡಿಯುತ್ತೇನೆಂದರೆ ಬೇಡವೆನ್ನಲು ನಾನು ಯಾರು? ಹೊಡಿ. ಹೊಸ ತೋಟೆ ಹಾಕಿ ಹೊಡಿ.

ತೋಟೆ ಹಾಕುವ ಮೊದಲು ನಳಿಗೆಯೊಳಗೆ ಕಣ್ಣಿಟ್ಟು ಬೆಳಕು ನೋಡು. ನಿನ್ನ ಅಪ್ಪನ ಕೋವಿ ಸಿಡಿದದ್ದು ನಳಿಗೆಯಲ್ಲಿ ಮಣ್ಣು ಕೂತು ಎಂದು ಊರೆಲ್ಲ ಹೇಳುತ್ತದೆ. ಕೋವಿ ತೊಳೆಯದೆ ಇಟ್ಟ ಉದಾಸೀನದವ ಎಂದು ಅವನನ್ನು ಆಡಿಕೊಂಡವರೂ ಇದ್ದಾರೆ. ನೀನು ಆಗ ಪಲ್ಟನ್ನಿನಲ್ಲಿದ್ದಿ. ಬಲಗೈಯ ಹೆಬ್ಬೆರಳು, ಎರಡು ಬೆರಳು, ಒಂದು ಕಣ್ಣು ಹೋದ ಮೇಲೂ ನಾಲ್ಕು ವರ್ಷ ಅವನು ನಗುತ್ತಲೇ ಬದುಕಿದ. ನೀನು ಬರುವ ಆರು ತಿಂಗಳ ಮೊದಲು ಜ್ವರದಲ್ಲಿ ಹೋದ. ನಾನು ಅಲ್ಲಿ ಇರಲಾರದೆ ಮಗಳ ಮನೆಗೆ ಬಂದೆ.

ದೇವರು ನಿನ್ನನ್ನು ಹತ್ತು ಬೆರಳು, ಎರಡು ಕಣ್ಣಿನೊಂದಿಗೆ ನೂರು ಹೊಸ್ತು ಉಣ್ಣಿಸಲಿ. ಬೆಳ್ಳಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಟಪಾಲಿಗೆ ಹಾಕಿದರೆ ತಡವಾದೀತೆಂದು ಬಸ್ಸಿನವರ ಕೈಯಲ್ಲೇ ಕೊಡುತ್ತಿದ್ದೇನೆ.

ಇಂತಿ ನಿನ್ನ ಮಾವ,
ಕುಷ್ಟ

ಮತ್ತೆ ಬರೆದದ್ದು:

ಗಂಜಿ ಹಚ್ಚಿ ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ಗುಣವತಿ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ಚಂದ್ರನಿಗೆ ಎಂತ ಬರೆದಿರಿ ಎಂದು ಕೇಳಿದಳು. ಹಳೆಯ ತೋಟೆ ತಂಡಿ ಹಿಡಿದಿದೆ, ಹೊಡೆಯಬೇಡ ಎಂದು ಬರೆದೆ ಎಂದೆ. ಅವಳು ಮೆಣಸಿನಿಂದ ತಲೆ ಎತ್ತದೆ, "ತಂಡಿ ಅಲ್ದಾ? ಎರಡ್ ದಿನ ಬಿಸ್ಲಿಗ್ ಇಟ್ರೆ ಸರಿ ಆತ್ತ್" ಎಂದಳು.

ನೀನೂ ಹಾಗೇ ಮಾಡುತ್ತೀ. ನಮ್ಮ ಕಡೆ ತಂಡಿ ಹಿಡಿದ ಯಾವುದನ್ನು ಯಾರು ಬಿಸಾಡಿದ್ದಾರೆ? ಅಪ್ಪನ ಹೆಬ್ಬೆರಳಿನ ಗುರುತಿರುವುದನ್ನಂತೂ ನೀನು ಬಿಸಾಡುವವನಲ್ಲ. ನಾಲ್ಕು ದಿನ ಬಿಸಿಲಿಗಿಟ್ಟು, ಹೊಸ್ತಿನ ದಿನ ಬೆಳ್ಳಕ್ಕನ ಎದುರಿಗೇ ಕೋವಿಗೆ ಹಾಕುತ್ತೀ. ಆದ್ದರಿಂದ ಬರೆಯಲೇಬೇಕು.

ಅದಕ್ಕೆ ತಂಡಿ ಹಿಡಿದಿಲ್ಲ. ಅದು ಸರಿಯಾಗಿಯೇ ಇದೆ. ಅದೇ ಭಯ.

ನಿನ್ನ ಅಪ್ಪನ ಕೋವಿ ಸಿಡಿದ ಆ ವರ್ಷ ಘಟ್ಟದ ಮೇಲೆ ಬಿಳಿ ದೊರೆಯ ಬಂಗಲೆಯಲ್ಲಿ ಅಡಿಗೆಗಿದ್ದ ನಮ್ಮೂರ ಶೀನ ಊರಿಗೆ ಬರುವಾಗ ಒಂದು ಡಬ್ಬಿ ಹೊಸ ಮಸಿ ತಂದಿದ್ದ. ಹೊಗೆಯೇ ಬರದ ಮಸಿ. ನಮ್ಮ ಕರಿಮಸಿ ಹೊಡೆದರೆ ಅಂಗಳವೆಲ್ಲ ಹೊಗೆ ತುಂಬಿ ಹೊಡೆದವನೇ ಕಾಣುವುದಿಲ್ಲ, ನಿನಗೆ ಗೊತ್ತು. ನನಗೆ ಕುಶಾಲು ಹೊಳೆಯಿತು. ಹೊಸ್ತಿನ ದಿನ ಸೂರನಿಗೆ ಹೇಳದೆ ಇದನ್ನು ತುಂಬಿಸಿ ಕೊಡುವುದು. ಈಡು ಹೊಡೆದ ಮೇಲೆ ಹೊಗೆ ಎಲ್ಲಿ ಎಂದು ಅವನು ನಳಿಗೆಯೊಳಗೆ ಇಣುಕುವುದನ್ನು ಊರೆಲ್ಲ ನೋಡಿ ನಗುವುದು. ಇಷ್ಟೇ.

"ಕುಷ್ಟಣ್ಣ, ದೊರೆ ಇದನ್ನ್ ತಕ್ಕಡಿಲಿ ತೂಕ ಮಾಡಿ ಹಾಕುದ್. ಅಳ್ತಿಲಿ ಹಾಕುಕಾಗ ಅಂಬ್ರ್" ಎಂದು ಶೀನ ಎಚ್ಚರಿಕೆ ಹೇಳಿದ.

"ದೊರಿಗೆ ಬಿದಿರ್ ಸಿಕ್ಕುದಿಲ್ಯಾ ಏನಾ" ಎಂದೆ ನಾನು. ಶೀನನೂ ನಕ್ಕ.

ಬಿದಿರಿನ ಅಳತೆಯಲ್ಲಿ ಕರಿಮಸಿ ತುಂಬಿದಷ್ಟೇ, ಕಂಠಮಟ್ಟ, ಆ ಮಸಿ ತುಂಬಿಸಿದೆ. ಅದು ಕರಿಮಸಿಗಿಂತ ಎಷ್ಟೋ ಪಟ್ಟು ಜೋರು ಎಂದು ಆಗ ಗೊತ್ತಿರಲಿಲ್ಲ. ಎರಡು ತೋಟೆ ಮಾಡಿ ಅವನಿಗೆ ಕೊಟ್ಟೆ. ಒಂದು ಸಿಡಿಯದೆ ಸುಳ್ಳಾದರೆ ಇನ್ನೊಂದು ಇರಲಿ ಎಂದು. ಸೂರ ಅಂಗಳದಲ್ಲಿ ನಿಂತು ಕೋವಿ ಎತ್ತುವಾಗ ನಾನು ಎತ್ತರಕ್ಕೆ ಒಟ್ಟಿದ ಹುಲ್ಲುಕುತ್ತರಿಯ ಹಿಂದೆ ಬಾಯಿಗೆ ಪಂಚೆಯ ತುದಿ ತುರುಕಿಕೊಂಡು ನಗುತ್ತಿದ್ದೆ. ಈಡಿನ ಶಬ್ದ ಬಂದಾಗಲೂ ನಗುತ್ತಿದ್ದೆ. ಬೆಳ್ಳಕ್ಕನ ಕೂಗು ಕೇಳಿದ ಮೇಲೆ ನಿಲ್ಲಿಸಿದೆ.

ಮಣ್ಣಿನ ಮಾತನ್ನು ಎತ್ತಿದ್ದು ನಾನಲ್ಲ, ಸೂರನೇ. ಪೊಲೀಸಿನವರು ಬಂದು ಕೇಳಿದಾಗ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, "ನಳಿಗಿಲಿ ಮಣ್ಣ್ ಕೂತಿತ್ತ್, ನಾನ್ ಕಾಣ್ಲಿಲ್ಲ" ಎಂದ. ನಾನು ಪಕ್ಕದಲ್ಲೇ ನಿಂತು ತಲೆ ಆಡಿಸಿದೆ. ಎರಡನೆಯ ತೋಟೆ ಎಲ್ಲಿ ಎಂದು ಒಂದು ವಾರ ಬಿಟ್ಟು ಕೇಳಿದೆ. "ಹೊಳಿಗ್ ಹಾಕ್ದೆ" ಎಂದ. ನಿನ್ನ ಕಾಗದ ಬರುವವರೆಗೆ ನಂಬಿದ್ದೆ.

ಆಮೇಲೆ ನಾಲ್ಕು ವರ್ಷ ದಿನಾ ಸಂಜೆ ಅವನ ಜಗಲಿಗೆ ಹೋಗಿ ವೀಳ್ಯ ಮಡಿಸಿ ಬಾಯಿಗೆ ಕೊಡುತ್ತಿದ್ದೆ. ಆ ಕೈಯಲ್ಲಿ ಅವನಿಗೆ ಮಡಿಸಲು ಬರುತ್ತಿರಲಿಲ್ಲ. ಒಂದು ಸಂಜೆ ಗುಡ್ಡ ನೋಡುತ್ತಾ ಕೂತಿದ್ದವನು, "ಕುಷ್ಟ, ಆ ದಿನ ಹೊಗಿ ಬರ್ಲಿಲ್ಲ ಕಾಣ್" ಎಂದ.

ನಾನು ಎಲೆಯ ನಾರು ತೆಗೆಯುತ್ತಲೇ, "ಎಂತ?" ಎಂದೆ.

"ಎಂತದೂ ಇಲ್ಲ. ಸುಣ್ಣ ಕಮ್ಮಿ ಆಯ್ತ್, ಹಾಕ್" ಎಂದ.

ಸುಣ್ಣ ಹಾಕಿದೆ ಚಂದ್ರ. ನಾನು ನಿಜ ಹೇಳಲೆಂದು ಅವನು ಬಾಗಿಲು ತೆರೆದು ಕೂತಿದ್ದ, ನಾನು ಒಳಗೆ ಹೋಗಲಿಲ್ಲ.

ಆ ತೋಟೆಯನ್ನು ಬಿಸಿಲಿಗಿಡಬೇಡ, ಬಿಚ್ಚಬೇಡ, ಕೊಯ್ಯಬೇಡ. ಬಟ್ಟೆಯಲ್ಲೇ ಇರಲಿ. ಪೆಟ್ಟಿಗೆಯನ್ನು ಒಲೆಯಿಂದ ದೂರ ಇಡು. ಗುರುವಾರದ ಬಸ್ಸಿಗೆ ಬರುತ್ತೇನೆ. ಬೈಂದೂರು ಠಾಣೆಗೆ ಹೋಗಿ ನಾನೇ ಹೇಳಿ, ಅವರಿಂದಲೇ ಅದನ್ನು ತೆಗೆಸುತ್ತೇನೆ. ಅಷ್ಟರೊಳಗೆ ಈ ಕಾಗದವನ್ನು ಬೆಳ್ಳಕ್ಕನಿಗೆ ಓದಿ ಹೇಳು. ಅವಳು ಅಂಗಳಕ್ಕೆ ಬರಬೇಡ ಎಂದರೆ ಬೇಲಿಯ ದಣಪೆಯ ಆಚೆ ನಿಲ್ಲುತ್ತೇನೆ. ಉದಾಸೀನದವ ಎಂದು ನಿನ್ನ ಅಪ್ಪನನ್ನು ಆಡಿಕೊಂಡವರ ಮನೆಗೂ ಹೋಗಿ ಹೇಳುತ್ತೇನೆ, ಒಂದೊಂದೇ ಮನೆ.

ಮೇಣದ ಮೇಲಿರುವುದು ನಿನ್ನ ಅಪ್ಪನ ಹೆಬ್ಬೆರಳಲ್ಲ. ನನ್ನದು. ಇದೂ ಮುದುಕನ ಕುಶಾಲು ಎಂದು ನೀನು ನಗಬಾರದಲ್ಲ, ಅದಕ್ಕಾಗಿ ಕೆಳಗೆ ಮಸಿಯಲ್ಲಿ ಒತ್ತಿದ್ದೇನೆ. ನಡುವೆ ಅಡ್ಡಕ್ಕೆ ಒಂದು ಕತ್ತಿಗಾಯದ ಗೆರೆ ಇದೆ, ಬಿದಿರು ಕೆತ್ತುವಾಗ ಆದದ್ದು. ತೋಟೆಯ ಮೇಲೂ ಆ ಗೆರೆ ಇರುತ್ತದೆ. ಠಾಣೆಯವರು ಬಟ್ಟೆ ಬಿಚ್ಚಿದಾಗ ದೂರದಿಂದಲೇ ನೋಡು.